ಮೂಗಿನ ನಳಿಕೆ, ಅನ್ನನಾಳದ ಕ್ಯಾಪ್ಸೂಲ್

‘ಒಂದು ದಿನದ ಪರೀಕ್ಷೆ, ಸಣ್ಣ ಟ್ಯೂಬ್ ಅಷ್ಟೇ, ಏನೂ ಆಗಲ್ಲ.’ ಮಗುವಿನ ಆಸಿಡ್ ರಿಫ್ಲಕ್ಸ್ ಅಳೆಯಬೇಕೆಂದು ವೈದ್ಯರು ತೀರ್ಮಾನಿಸಿದಾಗ ತಂದೆ-ತಾಯಿಗೆ ಸಾಮಾನ್ಯವಾಗಿ ಸಿಗುವ ವಿವರಣೆ ಇಷ್ಟೇ. ಈ ಮಾತು ಸುಳ್ಳಲ್ಲ. ಜೀವಕ್ಕೆ ಕುತ್ತು ತರುವ ತೊಡಕು ಈ ಪರೀಕ್ಷೆಯಲ್ಲಿ ತೀರಾ ಅಪರೂಪ. ಆದರೆ ‘ಏನೂ ಆಗಲ್ಲ’ ಎಂದುಬಿಟ್ಟರೆ ಹೇಳಲೇಬೇಕಾದ ಬಹಳಷ್ಟು ಸಂಗತಿ ಉಳಿದುಹೋಗುತ್ತದೆ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಮಗು ಊಟ ಒಲ್ಲೆನ್ನುತ್ತದೆ, ರಾತ್ರಿ ನಿದ್ದೆಗಣ್ಣಿನಲ್ಲಿ ನಳಿಕೆಯನ್ನೇ ಕಿತ್ತು ಹಾಕುತ್ತದೆ. ವೈದ್ಯಕೀಯ ವರದಿಗಳಲ್ಲಿ ಇವೆಲ್ಲ ಚಿಕ್ಕಪುಟ್ಟ ತೊಂದರೆಗಳ ಪಟ್ಟಿಗೆ ಸೇರುತ್ತವೆ. ಇವನ್ನು ಹಾಗೆ ಬದಿಗಿಡುವುದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ಮಗುವನ್ನು ಕಾಡುವ ಈ ತೊಂದರೆಗಳೇ ಪರೀಕ್ಷೆಯ ಉತ್ತರವನ್ನೂ ಕೆಡಿಸುತ್ತವೆ.

ಮೊದಲು ರಿಫ್ಲಕ್ಸ್ ಬಗ್ಗೆ ಎರಡು ಮಾತು. ಹಾಲು ಕುಡಿದ ಕೂಸು ಕಕ್ಕುವುದು ಬಾಣಂತಿ ಕೋಣೆಯ ನಿತ್ಯದ ಸಂಗತಿ. ಹೆಗಲ ಮೇಲೊಂದು ಹಳೇ ಬಟ್ಟೆ ಹಾಕಿಕೊಂಡು, ಕೂಸಿನ ಬೆನ್ನು ತಟ್ಟಿ ತೇಗು ತೆಗೆಸುವ ಅಜ್ಜಿಗೆ ಇದು ಕಾಯಿಲೆಯಲ್ಲವೆಂದು ಗೊತ್ತು. ಅನ್ನನಾಳವೂ ಜಠರವೂ ಸೇರುವಲ್ಲಿ ಬಿಗಿಯಾಗಿ ಮುಚ್ಚಿಕೊಳ್ಳುವ ಸ್ನಾಯುವಿನ ಉಂಗುರವೊಂದಿದೆ. ನುಂಗದೇ ಇರುವಾಗಲೂ ಅದು ಆಗಾಗ ಸಡಿಲಗೊಳ್ಳುತ್ತದೆ, ಆಗ ಜಠರದಲ್ಲಿದ್ದದ್ದು ಮೇಲೆ ಬರುತ್ತದೆ. ಎಳೆಗೂಸಿನ ಆಹಾರ ಪೂರ್ತಿ ದ್ರವ, ದಿನದ ಬಹುಪಾಲು ಅದು ಮಲಗಿಯೇ ಇರುತ್ತದೆ. ಅನ್ನನಾಳವೂ ಗಿಡ್ಡ: ದೊಡ್ಡವರಲ್ಲಿ ಸುಮಾರು 25 ಸೆಂ.ಮೀ. ಇದ್ದರೆ ಹುಟ್ಟಿದ ಮಗುವಿನಲ್ಲಿ 8ರಿಂದ 10 ಸೆಂ.ಮೀ. ಮಾತ್ರ. ಅಮೆರಿಕದ ಷಿಕಾಗೊ ಪ್ರದೇಶದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 4 ತಿಂಗಳ ಕೂಸುಗಳಲ್ಲಿ ಶೇ 67ರಷ್ಟು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತಿದ್ದವು. 10ರಿಂದ 12 ತಿಂಗಳ ಹೊತ್ತಿಗೆ ಆ ಪ್ರಮಾಣ ಶೇ 5ಕ್ಕೆ ಇಳಿದಿತ್ತು. ಕಕ್ಕಿದರೂ ನಗುತ್ತಾ ಆಡುತ್ತಾ ತೂಕ ಏರಿಸಿಕೊಳ್ಳುತ್ತಿರುವ ಕೂಸಿಗೆ ಯಾವ ನಳಿಕೆಯ ಅಗತ್ಯವೂ ಇಲ್ಲ.

ಪರೀಕ್ಷೆ ಬೇಕಾಗುವ ಮಕ್ಕಳೇ ಬೇರೆ. ಔಷಧ ಕೊಟ್ಟರೂ ಎದೆಯುರಿ ಇಳಿಯದ ದೊಡ್ಡ ಮಕ್ಕಳು, ತಿಂಗಳುಗಟ್ಟಲೆ ಕೆಮ್ಮುವವರು, ಹಾಲು ಕುಡಿಯುವಾಗ ಬೆನ್ನು ಬಿಲ್ಲಾಗಿಸಿ ಚೀರುವ ಕೂಸುಗಳು, ಹುಟ್ಟುವಾಗಲೇ ಅನ್ನನಾಳ ಕೂಡಿಕೊಳ್ಳದೆ ಶಸ್ತ್ರಚಿಕಿತ್ಸೆಯಾದವರು, ಸೆರೆಬ್ರಲ್ ಪಾಲ್ಸಿಯಂಥ ನರದೋಷ ಇರುವವರು. ರಿಫ್ಲಕ್ಸ್ ತಡೆಯುವ ಶಸ್ತ್ರಚಿಕಿತ್ಸೆಗೆ ಮುನ್ನ, ಆಗುತ್ತಿರುವ ತೊಂದರೆಗೆ ನಿಜಕ್ಕೂ ಆಮ್ಲವೇ ಕಾರಣವೇ ಎಂದು ಖಾತ್ರಿಪಡಿಸಿಕೊಳ್ಳಲೂ ಇದು ಬೇಕು. ಹಸಿರು ಪಿತ್ತದ ವಾಂತಿ, ರಕ್ತ ವಾಂತಿ, ಚಿಮ್ಮಿ ಬೀಳುವ ವಾಂತಿ, ತೂಕ ಇಳಿಕೆ ಇದ್ದರೆ ಮಾತ್ರ ಆಮ್ಲ ಅಳೆಯುತ್ತಾ ಕೂರುವಂತಿಲ್ಲ. ಅಲ್ಲಿ ಬೇರೆ ಕಾಯಿಲೆಗಳನ್ನು ತಕ್ಷಣ ಹುಡುಕಬೇಕು.

ಹಾಗಾದರೆ ಪರೀಕ್ಷೆ ಬಿಟ್ಟು ನೇರವಾಗಿ ಆಮ್ಲ ತಗ್ಗಿಸುವ ಔಷಧ ಕೊಟ್ಟು ನೋಡಿದರಾಗದೇ? ದೊಡ್ಡ ಮಕ್ಕಳಲ್ಲಿ ಎದೆಯುರಿ ಸ್ಪಷ್ಟವಾಗಿದ್ದರೆ 4ರಿಂದ 8 ವಾರ ಹಾಗೆ ನೋಡಬಹುದೆಂದು ಉತ್ತರ ಅಮೆರಿಕ ಮತ್ತು ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘಗಳು 2018ರ ಮಾರ್ಗಸೂಚಿಯಲ್ಲಿ ಒಪ್ಪಿವೆ. ಕೂಸುಗಳಿಗೆ ಈ ದಾರಿ ಸಲ್ಲದು. ಲ್ಯಾನ್ಸೊಪ್ರಜೋಲ್ ಔಷಧವನ್ನು 162 ಕೂಸುಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧ ಕುಡಿದವರಲ್ಲೂ ಹುಸಿಮದ್ದು ಕುಡಿದವರಲ್ಲೂ ಶೇ 54 ಮಂದಿಗೆ ಗುಣ ಕಂಡಿತು. ಗಂಭೀರ ಅಡ್ಡಪರಿಣಾಮಗಳು ಮಾತ್ರ ಔಷಧ ಕುಡಿದ ಗುಂಪಿನಲ್ಲೇ ಹೆಚ್ಚಿದ್ದವು. ಹಾಗಾಗಿ ಅಳೆಯುವುದು ಬೇಡ ಎನ್ನುವ ವಾದ ನನ್ನದಲ್ಲ. ಅಳೆದದ್ದು ನಂಬುವಂತಿರಬೇಕು ಎಂಬುದಷ್ಟೇ ನನ್ನ ಕಳಕಳಿ.

ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ ಸೋರೆನ್‌ಸನ್ 1909ರಲ್ಲಿ ಕೊಟ್ಟ ಪಿಎಚ್ ಮಾಪನವೇ ಇಲ್ಲಿಯೂ ಆಧಾರ. ಅದರಲ್ಲಿ ಅಂಕಿ ಒಂದು ಮೆಟ್ಟಿಲು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಅನ್ನನಾಳದಲ್ಲಿ ಪಿಎಚ್ 4ಕ್ಕಿಂತ ಕೆಳಗಿಳಿದರೆ ಆಮ್ಲ ಮೇಲೆ ಬಂದಿದೆ ಎಂದು ಲೆಕ್ಕ. 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ಎಂಬ ವೈದ್ಯರು ಇದನ್ನು ಇಡೀ 24 ತಾಸು ಅಳೆದು ಅಂಕ ಕೊಡುವ ವಿಧಾನವನ್ನು ಪ್ರಕಟಿಸಿದರು. ಅದು ದೊಡ್ಡವರಿಗಾಗಿ ಮಾಡಿದ್ದು. ಮಕ್ಕಳ ವೈದ್ಯಕೀಯ ಅದನ್ನು ಎರವಲು ಪಡೆಯಿತು. ಮುಂದಿನ ಎಷ್ಟೋ ತೊಡಕಿನ ಬೇರು ಈ ಎರವಲಿನಲ್ಲೇ ಇದೆ.

ನಳಿಕೆ ಹಾಕುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಮಗು ಮೂರು-ನಾಲ್ಕು ತಾಸು ಖಾಲಿ ಹೊಟ್ಟೆಯಲ್ಲಿರಬೇಕು, ಇಲ್ಲವಾದರೆ ನಳಿಕೆ ಗಂಟಲಿಗೆ ತಾಗಿದಾಗ ವಾಂತಿಯಾಗುತ್ತದೆ. ಕೂಸಾದರೆ ಕೈಕಾಲು ಸೇರಿಸಿ ಬಟ್ಟೆಯಲ್ಲಿ ಸುತ್ತುತ್ತಾರೆ. ದೊಡ್ಡ ಮಗುವಾದರೆ ಅಮ್ಮನ ತೊಡೆಯ ಮೇಲೆ ಕೂರಿಸಿ ತಲೆಯನ್ನು ತುಸು ಮುಂದಕ್ಕೆ ಬಾಗಿಸುತ್ತಾರೆ. ದಪ್ಪ ಶಾವಿಗೆ ಎಳೆಯಂಥ, ಎರಡು ಮಿಲಿಮೀಟರ್ ಆಸುಪಾಸಿನ ನಳಿಕೆಗೆ ಜೆಲ್ ಸವರಿ ಮೂಗಿನ ಹೊಳ್ಳೆಯಲ್ಲಿ ತೂರಿಸುತ್ತಾರೆ. ಮೂಗು ಮುಗಿದು ಗಂಟಲು ಶುರುವಾಗುವ ತಿರುವಿನಲ್ಲಿ ಕಣ್ಣಲ್ಲಿ ನೀರು ಬರುತ್ತದೆ, ಓಕರಿಕೆ ಬರುತ್ತದೆ. ‘ನುಂಗು ಪುಟ್ಟಾ, ನೀರು ನುಂಗು’ ಎಂದು ಸ್ಟ್ರಾದಲ್ಲಿ ಗುಟುಕು ಗುಟುಕು ನೀರು ಕುಡಿಸುತ್ತಾ ಒಂದೊಂದು ಗುಟುಕಿಗೂ ನಳಿಕೆಯನ್ನು ಒಂದಿಷ್ಟು ಕೆಳಗೆ ಬಿಡುತ್ತಾರೆ. ಗಂಟಲಿನಲ್ಲಿ ಅನ್ನನಾಳಕ್ಕೂ ಶ್ವಾಸನಾಳಕ್ಕೂ ಬಾಗಿಲು ಅಕ್ಕಪಕ್ಕದಲ್ಲೇ ಇದೆ. ನಳಿಕೆ ಶ್ವಾಸನಾಳದ ಕಡೆ ಹೋದರೆ ಮಗು ಉಸಿರುಗಟ್ಟಿದಂತೆ ಕೆಮ್ಮುತ್ತದೆ, ಕೂಗಲು ದನಿ ಹೊರಡುವುದಿಲ್ಲ. ಅನುಭವಿ ಕೈ ತಕ್ಷಣ ಹಿಂದಕ್ಕೆಳೆಯುತ್ತದೆ. ಕೆಲವೊಮ್ಮೆ ನಳಿಕೆ ಗಂಟಲಲ್ಲೇ ಸುರುಳಿ ಸುತ್ತಿಕೊಳ್ಳುವುದೂ ಉಂಟು.

ಎಷ್ಟು ಉದ್ದ ಇಳಿಸಬೇಕು ಎನ್ನುವುದಕ್ಕೆ 1979ರಿಂದ ಬಳಕೆಯಲ್ಲಿರುವ ಸ್ಟ್ರೋಬೆಲ್ ಸೂತ್ರವಿದೆ. ಮಗುವಿನ ಎತ್ತರವನ್ನು 0.252ರಿಂದ ಗುಣಿಸಿ 5 ಕೂಡಿಸಿದರೆ ಮೂಗಿನಿಂದ ಆ ಸ್ನಾಯು ಉಂಗುರದವರೆಗಿನ ದೂರ ಸೆಂ.ಮೀ.ಗಳಲ್ಲಿ ಸಿಗುತ್ತದೆ. ಒಂದು ಮೀಟರ್ ಎತ್ತರದ ಮಗುವಿಗೆ ಅದು 30.2 ಸೆಂ.ಮೀ. ಸಂವೇದಕ ಕೂರಬೇಕಾದದ್ದು ಆ ದೂರದ ಶೇ 87ರಲ್ಲಿ. ಎತ್ತರದ ಮಕ್ಕಳಲ್ಲಿ ಈ ಲೆಕ್ಕ ಜಾರುವುದರಿಂದ ಎಕ್ಸ್‌ರೇ ತೆಗೆದು, ವಪೆಯಿಂದ ಎರಡು ಬೆನ್ನುಮೂಳೆ ಮೇಲಕ್ಕೆ ಸಂವೇದಕ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ತುಸು ಕೆಳಗಿದ್ದರೆ ಅದು ಜಠರದ ಆಮ್ಲವನ್ನೇ ಅಳೆಯುತ್ತದೆ, ತುಸು ಮೇಲಿದ್ದರೆ ಬರುವ ಆಮ್ಲವೇ ಅದಕ್ಕೆ ಕಾಣುವುದಿಲ್ಲ. ಕೂಸಿನ ಅನ್ನನಾಳದ ಒಟ್ಟು ಉದ್ದವೇ ಒಂದು ಗೇಣಿಗಿಂತ ಕಡಿಮೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಸೆಂಟಿಮೀಟರಿನ ಬೆಲೆ ತಿಳಿಯುತ್ತದೆ.

ಅಲ್ಲಿಂದ ಮುಂದಿನ ದಿನ ಮನೆಯವರದು. ಕೆನ್ನೆಗೆ ಪ್ಲಾಸ್ಟರ್, ಕಿವಿಯ ಹಿಂದಿನಿಂದ ಇಳಿದ ತಂತಿ, ಹೆಗಲಿಗೆ ನೇತುಹಾಕಿದ ರೆಕಾರ್ಡರ್. ಅದರಲ್ಲಿ ಗುಂಡಿಗಳಿವೆ: ಊಟಕ್ಕೊಂದು, ಮಲಗಿದ್ದಕ್ಕೊಂದು, ಕೆಮ್ಮಿಗೋ ಅಳುವಿಗೋ ಒಂದು. ಜೊತೆಗೆ ತಾಯಿ ಕಾಗದದಲ್ಲಿ ವೇಳೆ ಬರೆದಿಡಬೇಕು. ‘ಎಂದಿನಂತೆ ಇರಲಿ, ಎಂದಿನಂತೆ ತಿನ್ನಲಿ, ಆಡಲಿ’ ಎಂಬುದು ಆಸ್ಪತ್ರೆಯ ಸೂಚನೆ. ಮೂಗಿನಲ್ಲಿ ನಳಿಕೆ ಇರುವ ಮೂರು ವರ್ಷದ ಮಗುವಿಗೆ ‘ಎಂದಿನಂತೆ’ ಇರಲು ಹೇಗೆ ಸಾಧ್ಯ? ನುಂಗಿದಾಗಲೆಲ್ಲ ಗಂಟಲಲ್ಲಿ ಏನೋ ತಡೆದಂತಾಗುತ್ತದೆ. ತುತ್ತು ಬೇಡ ಎನ್ನುತ್ತದೆ. ಓಡುವುದು, ಕುಣಿಯುವುದು ಬಿಟ್ಟು ಅಮ್ಮನ ಸೆರಗಿಗೆ ಅಂಟಿಕೊಂಡು ಕೂರುತ್ತದೆ. ಮಗು ಕೀಳದಿರಲೆಂದು ಕೆಲವೆಡೆ ಕೈಗೆ ಗವಸು ಹಾಕುತ್ತಾರೆ, ಮೊಣಕೈ ಮಡಚದಂತೆ ಪಟ್ಟಿ ಕಟ್ಟುತ್ತಾರೆ. ಪ್ಲಾಸ್ಟರಿನ ಅಂಟಿಗೆ ಎಳೆ ಚರ್ಮ ಕೆಂಪಗಾಗುತ್ತದೆ, ಬಿಚ್ಚುವಾಗ ಸುಲಿಯುವುದೂ ಇದೆ. ಅಷ್ಟೆಲ್ಲ ಎಚ್ಚರ ವಹಿಸಿದರೂ ನಡುರಾತ್ರಿ ನಳಿಕೆ ಹೊರಗೆ ಬಂದರೆ ಮತ್ತೆ ಮೂಗು, ಮತ್ತೆ ಎಕ್ಸ್‌ರೇ.

ಉಣ್ಣದ ಮಗುವಿನಲ್ಲಿ ರಿಫ್ಲಕ್ಸ್ ಕಡಿಮೆ. ಊಟದ ನಂತರ ಹೊಟ್ಟೆ ಹಿಗ್ಗಿದಾಗಲೇ ಆ ಉಂಗುರ ಹೆಚ್ಚು ಸಡಿಲಾಗುವುದು. ಪರೀಕ್ಷೆಯ ದಿನ ಅರ್ಧ ಹೊಟ್ಟೆಯಲ್ಲಿ ಮುದುರಿ ಕೂತ ಮಗುವಿನ ರೆಕಾರ್ಡಿಂಗ್ ‘ಸಹಜ’ ಎಂದು ಬರಬಹುದು, ಮನೆಯಲ್ಲಿ ಆಡಿ ಉಂಡ ಮರುದಿನವೇ ಕೆಮ್ಮು ಮರಳಬಹುದು. 2009ರ ಮಾರ್ಗಸೂಚಿಯ ಪ್ರಕಾರ ದಿನದಲ್ಲಿ ಶೇ 7ಕ್ಕಿಂತ ಹೆಚ್ಚು ಹೊತ್ತು ಪಿಎಚ್ 4ರ ಕೆಳಗಿದ್ದರೆ ಅಸಹಜ, ಶೇ 3ಕ್ಕಿಂತ ಕಡಿಮೆಯಾದರೆ ಸಹಜ, ನಡುವಿನದು ಅನಿಶ್ಚಿತ. ನಿಮಿಷಕ್ಕೆ ಇಳಿಸಿದರೆ ಒಂದು ಕಡೆ ಸುಮಾರು 43 ನಿಮಿಷ, ಇನ್ನೊಂದು ಕಡೆ ಸುಮಾರು 101 ನಿಮಿಷ. ಬಿಟ್ಟುಹೋದ ಒಂದು ರಾತ್ರಿಯೂಟ ಒಂದು ಮಗುವನ್ನು ಈ ಗೆರೆಯಿಂದ ಆಚೆಗೋ ಈಚೆಗೋ ದಾಟಿಸಬಲ್ಲದು. ಆ ಕಾಗದ ನೋಡಿ ಔಷಧ ನಿಲ್ಲಿಸುವವರಿದ್ದಾರೆ, ಶಸ್ತ್ರಚಿಕಿತ್ಸೆ ಬೇಡವೆನ್ನುವವರಿದ್ದಾರೆ. ಆದ್ದರಿಂದ ವರದಿ ಓದುವ ವೈದ್ಯರು ‘ಆ ದಿನ ಮಗು ಏನು ತಿಂತು? ಎಷ್ಟು ಹೊತ್ತು ಎದ್ದು ಓಡಾಡಿತು?’ ಎಂದು ಕೇಳದಿದ್ದರೆ ತಂದೆ-ತಾಯಿ ತಾವಾಗಿಯೇ ಹೇಳಬೇಕು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ನಿಂಬೆಹಣ್ಣಿನ ಪಾನಕ, ಹುಣಸೆ ಹುಳಿ ಬಿದ್ದ ಸಾರು, ಬಾಟಲಿಯ ತಂಪು ಪಾನೀಯಗಳೆಲ್ಲ ಹುಳಿಯೇ. ಮೇಲಿನಿಂದ ಇಳಿಯುವ ಹುಳಿಗೂ ಕೆಳಗಿನಿಂದ ಏರುವ ಹುಳಿಗೂ ವ್ಯತ್ಯಾಸ ಪಿಎಚ್ ಸಂವೇದಕಕ್ಕೆ ತಿಳಿಯದು. ಊಟದ ಗುಂಡಿ ಒತ್ತಿದ ಹೊತ್ತನ್ನು ಲೆಕ್ಕದಿಂದ ತೆಗೆಯುತ್ತಾರೆ ನಿಜ, ಆದರೆ ನಡುನಡುವೆ ಗುಟುಕರಿಸಿದ ಪಾನಕಕ್ಕೆ ಗುಂಡಿ ಒತ್ತಿದವರು ಯಾರು? ಸಾರು-ಅನ್ನವೇ ಊಟವಾದ ಮನೆಗಳಿಗೆ ಈ ಸೂಚನೆಯನ್ನು ನಮ್ಮ ಅಡುಗೆಯ ಹೆಸರು ಹಿಡಿದೇ ಹೇಳಬೇಕು. ‘ಆಮ್ಲೀಯ ಆಹಾರ ಬೇಡ’ ಎಂಬ ಅಚ್ಚಾದ ಸಾಲು ಸಾಲದು.

ಎಳೆಗೂಸುಗಳಲ್ಲಿ ಸಮಸ್ಯೆ ಇನ್ನೊಂದು ಬಗೆ. ಹಾಲು ಜಠರದ ಆಮ್ಲವನ್ನು ತಣಿಸುತ್ತದೆ. ಎರಡು-ಮೂರು ತಾಸಿಗೊಮ್ಮೆ ಹಾಲು ಕುಡಿಯುವ ಕೂಸಿನಲ್ಲಿ ಮೇಲೆ ಬರುವುದರ ಬಹುಪಾಲು ಆಮ್ಲವೇ ಅಲ್ಲ, ಪಿಎಚ್ ಸಂವೇದಕಕ್ಕೆ ಅದು ಕಾಣುವುದೇ ಇಲ್ಲ. 1990ರ ದಶಕದಲ್ಲಿ ಬಂದ ಇಂಪೀಡೆನ್ಸ್ ತಂತ್ರ ಈ ಕೊರತೆ ತುಂಬಿತು. ನಳಿಕೆಯ ಉದ್ದಕ್ಕೂ ಇರುವ ಲೋಹದ ಉಂಗುರಗಳ ನಡುವೆ ದ್ರವ ಬಂದರೆ ವಿದ್ಯುತ್ ತಡೆ ಇಳಿಯುತ್ತದೆ, ಗಾಳಿ ಬಂದರೆ ಏರುತ್ತದೆ. ಯಾವ ಉಂಗುರ ಮೊದಲು ತೋಯಿತು ಎಂಬುದರಿಂದ ಅದು ನುಂಗಿದ್ದೋ ಉಕ್ಕಿ ಬಂದದ್ದೋ ಎಂದೂ ಗೊತ್ತಾಗುತ್ತದೆ. 2018ರ ಮಾರ್ಗಸೂಚಿ ಬರೀ ಪಿಎಚ್‌ಗಿಂತ ಎರಡನ್ನೂ ಸೇರಿಸಿದ ಪರೀಕ್ಷೆಗೆ ಆದ್ಯತೆ ಕೊಡುತ್ತದೆ. ಇಷ್ಟಾದರೂ ಆರೋಗ್ಯವಂತ ಮಗುವಿನಲ್ಲಿ ಸಹಜ ಪ್ರಮಾಣ ಎಷ್ಟು ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿಲ್ಲ. ಏನೂ ತೊಂದರೆಯಿಲ್ಲದ ಮಗುವಿನ ಮೂಗಿಗೆ ಅಂಕಿಅಂಶಕ್ಕಾಗಿ ನಳಿಕೆ ತೂರಿಸುವುದು ನ್ಯಾಯವಲ್ಲವಲ್ಲ. ಹಾಗಾಗಿ ರೋಗಲಕ್ಷಣವಿದ್ದೂ ಫಲಿತಾಂಶ ಸಾಧಾರಣವಾಗಿ ಬಂದ ಮಕ್ಕಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕಾಗಿದೆ.

ಕೆಮ್ಮಿಗೂ ರಿಫ್ಲಕ್ಸಿಗೂ ನಂಟು ಹುಡುಕುವ ಲೆಕ್ಕವೂ ಹೀಗೇ ಅಲುಗಾಡುವ ನೆಲದ ಮೇಲಿದೆ. ರಿಫ್ಲಕ್ಸ್ ಆದ ಎರಡು ನಿಮಿಷದೊಳಗೆ ಕೆಮ್ಮು ಬಂದರೆ ಒಂದಕ್ಕೊಂದು ಸಂಬಂಧವಿದೆ ಎಂದು ಹಿಡಿಯುತ್ತಾರೆ. ಅದಕ್ಕೆ ಪ್ರತಿ ಕೆಮ್ಮೂ ದಾಖಲಾಗಬೇಕು. ಮೈಕ್ ಜೋಡಿಸಿ ಕೆಮ್ಮು ಎಣಿಸಿದ ಅಧ್ಯಯನಗಳಲ್ಲಿ ತಂದೆ-ತಾಯಿಯ ಡೈರಿಗೆ ಸೇರದ ಕೆಮ್ಮುಗಳು ಬಹಳಷ್ಟು ಸಿಕ್ಕವು. ಹಿಂದಿನ ರಾತ್ರಿಯೂ ಆಸ್ಪತ್ರೆಯಲ್ಲಿ ಕಳೆದ ತಾಯಿ ಬೆಳಗಿನ ಜಾವ ಮೂರು ಗಂಟೆಯ ಕೆಮ್ಮಿಗೆ ಗುಂಡಿ ಒತ್ತಲಿಲ್ಲವೆಂದು ಅವಳನ್ನು ದೂರುವುದು ಸಲ್ಲದು. ರಾತ್ರಿಯ ಪಾಳಿಗೆ ಇನ್ನೊಬ್ಬರು ಇರಲಿ ಎಂದು ಆಸ್ಪತ್ರೆ ಮೊದಲೇ ಹೇಳಬೇಕು. ಅಪ್ಪ, ಅತ್ತೆ, ಚಿಕ್ಕಮ್ಮ ಯಾರಾದರೂ ಸರಿ.

ನಳಿಕೆಯ ಈ ಗೋಳು ತಪ್ಪಿಸಲೆಂದೇ ತಂತಿಯಿಲ್ಲದ ಕ್ಯಾಪ್ಸೂಲ್ ಬಂತು. ಬ್ರಾವೊ ಹೆಸರಿನ ಈ ಸಾಧನಕ್ಕೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ವಿಷಯದಲ್ಲಿ ತಯಾರಕರ ಸೂಚನೆ 4 ವರ್ಷ ತುಂಬಿದವರಿಗೆ ಮಾತ್ರ ಎನ್ನುತ್ತದೆ. ಸುಮಾರು ಎರಡೂವರೆ ಸೆಂ.ಮೀ. ಉದ್ದದ ಈ ಕ್ಯಾಪ್ಸೂಲನ್ನು, ಮಕ್ಕಳಿಗಾದರೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಎಂಡೋಸ್ಕೊಪಿ ಮಾಡುವ ಹೊತ್ತಿನಲ್ಲೇ, ಬಾಯಿಯ ಮೂಲಕ ಇಳಿಸುತ್ತಾರೆ. ಅದರ ಮೈಯಲ್ಲೊಂದು ಪುಟ್ಟ ಗುಳಿಯಿದೆ. ನಿರ್ವಾತ ಪಂಪ್ ಅನ್ನನಾಳದ ಒಳಪದರವನ್ನು ಆ ಗುಳಿಯೊಳಕ್ಕೆ ಎಳೆದುಕೊಳ್ಳುತ್ತದೆ. ಹಿಡಿಯಲ್ಲಿರುವ ಗುಂಡಿ ಒತ್ತಿದಾಗ ಸಣ್ಣ ಪಿನ್ನೊಂದು ಆ ಪದರವನ್ನು ತೂರಿ ಕ್ಯಾಪ್ಸೂಲನ್ನು ಅಲ್ಲಿಗೆ ಸಿಕ್ಕಿಸುತ್ತದೆ. ಎರಡು ದಿನ, ಬೇಕಾದರೆ ನಾಲ್ಕು ದಿನದವರೆಗೆ, ಅದು ಸೊಂಟದ ರಿಸೀವರಿಗೆ ರೇಡಿಯೊ ಸಂಕೇತ ಕಳಿಸುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತಾನಾಗಿ ಕಳಚಿ ಮಲದೊಂದಿಗೆ ಹೊರಹೋಗುತ್ತದೆ. ಮುಖದ ಮೇಲೆ ಏನೂ ಇರದ ಕಾರಣ ಮಗು ಶಾಲೆಗೂ ಹೋಗಬಹುದು, ಉಣ್ಣಬಹುದು, ಆಡಬಹುದು. ಶಾಲಾ ವಯಸ್ಸಿನ ಮಗುವಿಗೆ ಇದು ದೊಡ್ಡ ಸಮಾಧಾನ. ಒಂದೇ ದಿನದ ಬದಲು ಎರಡು ದಿನದ ದಾಖಲೆ ಸಿಗುವುದೂ ಲಾಭವೇ, ಏಕೆಂದರೆ ಮೊದಲ ದಿನದ ಮೇಲೆ ಅರಿವಳಿಕೆಯ ನೆರಳು ಇರುತ್ತದೆ.

ಇದರ ತೊಡಕುಗಳು ಬೇರೆ ಜಾತಿಯವು. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಎದೆನೋವು: ನುಂಗುವಾಗ ಚುಚ್ಚಿದಂತೆ, ಏನೋ ಸಿಕ್ಕಿಕೊಂಡಂತೆ. ಹೆಚ್ಚಿನ ಮಕ್ಕಳಲ್ಲಿ ನೋವಿನ ಸಿರಪ್ಪಿಗೆ ಇಳಿಯುತ್ತದೆ. ಕೆಲವರಲ್ಲಿ ತಡೆಯಲಾಗದೆ ಮತ್ತೆ ಎಂಡೋಸ್ಕೊಪಿ ಮಾಡಿ ಕ್ಯಾಪ್ಸೂಲ್ ತೆಗೆಯಬೇಕಾಗುತ್ತದೆ, ಅಂದರೆ ಮತ್ತೊಂದು ಅರಿವಳಿಕೆ. ತಾನಾಗಿ ಕಳಚದೆ ಉಳಿದದ್ದಕ್ಕೂ ಇದೇ ದಾರಿ. ಪಿನ್ ಹಿಡಿಯದೆ ಕ್ಯಾಪ್ಸೂಲ್ ಅಲ್ಲೇ ಜಾರುವುದು, ಇಳಿಸುವ ಕೋಲಿನಿಂದ ಬಿಡದೆ ಅಂಟಿಕೊಂಡು ಒಳಪದರ ಹರಿಯುವುದು, ರಕ್ತ ಬರುವುದು ಇವೂ ವರದಿಯಾಗಿವೆ. ಅಮೆರಿಕದಲ್ಲಿ ತಯಾರಿಕೆಯಲ್ಲಿ ಬಳಸಿದ ಅಂಟಿನ ದೋಷದಿಂದ ಹೀಗೆ ಹಿಡಿಯದ, ಬಿಡದ ತೊಂದರೆ ಕಂಡಾಗ ಕೆಲವು ಬ್ಯಾಚಿನ ಸಾಧನಗಳನ್ನು ಹಿಂಪಡೆದದ್ದೂ ಇದೆ. ಅನ್ನನಾಳ ತೂತಾಗುವುದು, ಕ್ಯಾಪ್ಸೂಲ್ ಶ್ವಾಸನಾಳಕ್ಕೆ ಬೀಳುವುದು ಬಿಡಿ ಪ್ರಕರಣಗಳಾಗಿಯಷ್ಟೇ ವೈದ್ಯಕೀಯ ಸಾಹಿತ್ಯದಲ್ಲಿವೆ. ಅಪರೂಪವೆಂದ ಮಾತ್ರಕ್ಕೆ ಹೇಳದೆ ಬಿಡುವಂಥವಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ, ತೀವ್ರ ಹುಣ್ಣು, ಕಿರಿದಾದ ಅನ್ನನಾಳ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗೆ ಇದನ್ನು ಹಾಕುವಂತಿಲ್ಲ.

ಬೇಗ ಕಳಚಿ ಬಿದ್ದ ಕ್ಯಾಪ್ಸೂಲ್ ಮೋಸ ಮಾಡುವ ಬಗೆಯೊಂದಿದೆ. ಅದು ಜಠರಕ್ಕೆ ಬಿದ್ದ ಕ್ಷಣದಿಂದ ಅಲ್ಲಿನ ಪಿಎಚ್ ಒಂದೋ ಎರಡೋ ಎಂದು ಬರೆಯತೊಡಗುತ್ತದೆ. ಗೆರೆ ದಿಢೀರನೆ ತಳಕ್ಕಿಳಿದು ತಾಸುಗಟ್ಟಲೆ ಅಲ್ಲೇ ಮಲಗುತ್ತದೆ, ಆಮೇಲೆ ಕ್ಯಾಪ್ಸೂಲ್ ಸಣ್ಣ ಕರುಳಿಗೆ ಜಾರಿದಾಗ ಆರು-ಏಳಕ್ಕೆ ಜಿಗಿಯುತ್ತದೆ. ಗ್ರಾಫನ್ನು ಕಣ್ಣಿಟ್ಟು ನೋಡುವವರು ಇದನ್ನು ಗುರುತಿಸಿ ಅಲ್ಲಿಗೇ ಕತ್ತರಿಸುತ್ತಾರೆ. ಕಂಪ್ಯೂಟರ್ ಕೊಟ್ಟ ಒಟ್ಟು ಶೇಕಡಾವಾರನ್ನು ಮಾತ್ರ ನೋಡಿದರೆ ತೀವ್ರ ರಿಫ್ಲಕ್ಸ್ ಎಂದೇ ತೋರುತ್ತದೆ.

ಮನೆಗೆ ಹೋದ ಮೇಲೂ ಮರೆಯಬಾರದ ಎಚ್ಚರಿಕೆಯೊಂದಿದೆ. ಕ್ಯಾಪ್ಸೂಲಿನಲ್ಲಿ ಲೋಹದ ಭಾಗಗಳಿರುವುದರಿಂದ ಹಾಕಿಸಿಕೊಂಡ 30 ದಿನ ಎಂಆರ್‌ಐ ಮಾಡಿಸುವಂತಿಲ್ಲ. ಆ ತಿಂಗಳಲ್ಲಿ ಮಗು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಬೇರೆ ಊರಿನ ಆಸ್ಪತ್ರೆಗೆ ಹೋದರೆ ಅಲ್ಲಿನವರಿಗೆ ಇದು ತಿಳಿಯುವುದು ತಂದೆ-ತಾಯಿಯ ಬಾಯಿಂದಲೇ. ಮನೆಯ ಎಲ್ಲರಿಗೂ, ಶಾಲೆಯ ಟೀಚರಿಗೂ ಹೇಳಿಟ್ಟಿರಬೇಕು. ಮಗುವಿಗೆ ಎದೆನೋವು ಏರುತ್ತಾ ಹೋದರೆ, ಜ್ವರ ಬಂದರೆ, ಕುತ್ತಿಗೆ ಊದಿಕೊಂಡರೆ, ರಕ್ತ ವಾಂತಿಯಾದರೆ, ಉಸಿರಾಟ ಕಷ್ಟವಾದರೆ, ನೀರನ್ನೂ ನುಂಗದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈ ಸಾಧನಗಳಿಂದ ಎಷ್ಟು ಮಕ್ಕಳಿಗೆ ಏನಾಯಿತು ಎಂಬುದು ಬಹುಮಟ್ಟಿಗೆ ಹೊರಬರುವುದು ಯಾರಾದರೂ ವರದಿ ಮಾಡಿದಾಗ. ಭಾರತದಲ್ಲಿ ವೈದ್ಯಕೀಯ ಸಾಧನಗಳ ತೊಂದರೆ ದಾಖಲಿಸಲು ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮ 2015ರಲ್ಲಿ ಶುರುವಾಯಿತು, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ವೈದ್ಯರು, ನರ್ಸುಗಳಷ್ಟೇ ಅಲ್ಲದೆ ಮಗುವಿನ ತಂದೆ-ತಾಯಿಯೂ ಅಲ್ಲಿಗೆ ದೂರು ಕೊಡಬಹುದು. ಕಮಿಷನ್ನಿನ ಶುಲ್ಕರಹಿತ ಸಹಾಯವಾಣಿ 1800-180-3024. ದೂರಿನಲ್ಲಿ ಸಾಧನದ ಹೆಸರಿನ ಜೊತೆ ಬ್ಯಾಚ್ ಸಂಖ್ಯೆಯೂ ಇದ್ದರೆ ತಪ್ಪು ಒಂದು ಮಗುವಿನ ಪಾಲಿನದೋ ಇಡೀ ಬ್ಯಾಚಿನದೋ ಎಂದು ಪತ್ತೆ ಹಚ್ಚಬಹುದು. ಆ ಸಂಖ್ಯೆ ಪೊಟ್ಟಣದ ಮೇಲಿನ ಚೀಟಿಯಲ್ಲಿರುತ್ತದೆ, ಪರೀಕ್ಷೆ ಮುಗಿದೊಡನೆ ಪೊಟ್ಟಣ ಕಸಕ್ಕೆ ಹೋಗುತ್ತದೆ. ಡಿಸ್ಚಾರ್ಜ್ ಕಾಗದ ಕೈಗೆ ಬರುವಾಗ ಆ ಚೀಟಿಯನ್ನು ಅದರ ಬೆನ್ನಿಗೆ ಅಂಟಿಸಿಕೊಡಿ ಎಂದು ನರ್ಸಮ್ಮನನ್ನು ಕೇಳಿ ಪಡೆಯಬೇಕು.